17 ಇಂಚಿನ ಚಕ್ರ 1/24 ಸ್ಕೇಲಿನಲ್ಲಿ ಎಷ್ಟು ಮಿಲಿಮೀಟರ್ ಇರಬೇಕು?

ಪ್ರಶ್ನೆ: ನಾನು ಜೋಡಿಸುತ್ತಿರುವ 1/24 ಸ್ಕೇಲಿನ ಮಾದರಿ ಕಾರಿಗೆಂದು ಬಿಡಿಯಾಗಿ ಸಿಗುವ 17 ಇಂಚಿನ ಚಕ್ರಗಳನ್ನು ಕೊಂಡೆ. 17ನ್ನು 25.4ರಿಂದ ಗುಣಿಸಿ 24ರಿಂದ ಭಾಗಿಸಿದರೆ 18 ಮಿ.ಮೀ. ಬರುತ್ತದೆ. ಆದರೆ ಕ್ಯಾಲಿಪರ್ ಹಿಡಿದು ಅಳೆದರೆ ಚಕ್ರ 19.4 ಮಿ.ಮೀ. ಇದೆ. ತಯಾರಕರು ತಪ್ಪು ಅಳತೆಯ ಚಕ್ರ ಕೊಟ್ಟಿದ್ದಾರೆಯೇ, ಇಲ್ಲವೇ ನನ್ನ ಲೆಕ್ಕವೇ ತಪ್ಪಿದೆಯೇ?

ಉತ್ತರ: ಚಕ್ರವೂ ಸರಿಯಾಗಿದೆ, ನಿಮ್ಮ ಗುಣಾಕಾರ ಭಾಗಾಕಾರವೂ ಸರಿಯಾಗಿದೆ. ಆದರೆ ನಿಮ್ಮ ಲೆಕ್ಕ ಹೇಳುತ್ತಿರುವುದು ಚಕ್ರದ ಒಂದು ಜಾಗದ ವ್ಯಾಸವನ್ನು, ಕ್ಯಾಲಿಪರ್ ಹೇಳುತ್ತಿರುವುದು ಇನ್ನೊಂದು ಜಾಗದ ವ್ಯಾಸವನ್ನು.

ನಿಜವಾದ ಕಾರಿನ ರಿಮ್ಮಿಗೆ 17 ಇಂಚು ಎಂದು ಹೇಳುವಾಗ ಅಳೆಯುವುದು ಟೈರಿನ ಒಳಬಾಯಿ ಕಚ್ಚಿಕೊಂಡು ಕೂರುವ ಜಾಗವನ್ನು. ಟೈರ್ ಹಾಕಿದ ಮೇಲೆ ಆ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿಂದ ಹೊರಗೆ ಟೈರ್ ಜಾರದಂತೆ ತಡೆಯುವ ಒಂದು ಅಂಚು ಎದ್ದು ನಿಂತಿರುತ್ತದೆ. ಇಂದಿನ ಬಹುತೇಕ ಕಾರುಗಳ ರಿಮ್ಮುಗಳಲ್ಲಿ, ಅಂದರೆ ಅಗಲದ ಅಂಕಿಯ ಪಕ್ಕದಲ್ಲಿ 'ಜೆ' ಎಂಬ ಅಕ್ಷರವಿರುವ ರಿಮ್ಮುಗಳಲ್ಲಿ, ಈ ಅಂಚಿನ ಎತ್ತರ ಸುಮಾರು 17.3 ಮಿ.ಮೀ. ಎರಡೂ ಬದಿಯದನ್ನು ಕೂಡಿದರೆ ಸುಮಾರು 35 ಮಿ.ಮೀ. ಆಗುತ್ತದೆ. ಹೀಗಾಗಿ 17 ಇಂಚಿನ, ಅಂದರೆ 431.8 ಮಿ.ಮೀ.ನ ಚಕ್ರ ಹೊರಗಿನಿಂದ ನೋಡಿದಾಗ 466 ಮಿ.ಮೀ.ನಷ್ಟು ದೊಡ್ಡದಾಗಿ ಕಾಣುತ್ತದೆ. ಅದನ್ನು 24ರಿಂದ ಭಾಗಿಸಿ ನೋಡಿ: 19.4 ಮಿ.ಮೀ. ನಿಮ್ಮ ಚಕ್ರವನ್ನು ಮಾಡಿದವರಿಗೆ ಈ ಅಂಚಿನ ವಿಷಯ ಚೆನ್ನಾಗಿಯೇ ಗೊತ್ತಿತ್ತು.

ಎಲ್ಲರಿಗೂ ಗೊತ್ತಿರುತ್ತದೆ ಎಂದು ಮಾತ್ರ ನಂಬಬೇಡಿ. ಹೊರ ಅಂಚನ್ನೇ 18 ಮಿ.ಮೀ.ಗೆ ತಂದು ಅದನ್ನು 17 ಇಂಚು ಎಂದು ಕರೆಯುವ ಬಿಡಿ ಚಕ್ರಗಳೂ ಇವೆ. ಅಂಥದ್ದನ್ನು ಹಿಮ್ಮುಖವಾಗಿ ಲೆಕ್ಕ ಹಾಕಿದರೆ, 18ನ್ನು 24ರಿಂದ ಗುಣಿಸಿ 35 ಕಳೆದು 25.4ರಿಂದ ಭಾಗಿಸಿದಾಗ, ಹದಿನೈದೂವರೆ ಇಂಚಿಗಿಂತ ಸ್ವಲ್ಪವಷ್ಟೇ ಹೆಚ್ಚು ಬರುತ್ತದೆ. ಕಾರು ಜೋಡಿಸಿ ಮುಗಿದ ಮೇಲೆ ಏನೋ ಸರಿಯಿಲ್ಲ, ಟೈರ್ ದಪ್ಪ ಕಾಣುತ್ತದೆ, ಚಕ್ರ ಸಣ್ಣದಾಯಿತು ಎಂದು ಕಣ್ಣು ಹೇಳುತ್ತದೆ, ಆದರೆ ಕಾರಣ ಹೊಳೆಯುವುದಿಲ್ಲ. ಆದ್ದರಿಂದ ಪೊಟ್ಟಣದ ಮೇಲಿನ ಇಂಚನ್ನು ಒಂದು ಹೆಸರೆಂದು ತಿಳಿಯಿರಿ, ಅಳತೆಯೆಂದಲ್ಲ.

ಇಷ್ಟು ಹೇಳಿದ ಮೇಲೂ, ರಿಮ್ಮಿನಿಂದ ಲೆಕ್ಕ ಶುರು ಮಾಡುವುದೇ ಸರಿಯಾದ ಕ್ರಮವಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಿನ ನಿಲುವನ್ನು ನಿರ್ಧರಿಸುವುದು ಟೈರಿನ ಹೊರವ್ಯಾಸ. ಅದು ಸರಿಯಿದ್ದರೆ ರಿಮ್ ಅರ್ಧ ಮಿಲಿಮೀಟರ್ ಆಚೀಚೆಯಾದರೂ ಕಾರು ಕಾರಿನಂತೆಯೇ ಇರುತ್ತದೆ. ಅದು ತಪ್ಪಿದರೆ ಎಷ್ಟೇ ನಾಜೂಕಾದ ಸ್ಪೋಕುಗಳಿದ್ದರೂ ಕಾರು ಆಟಿಕೆಯಂತೆ ಕಾಣುತ್ತದೆ. ಟೈರಿನ ಮೇಲೆ 225/45 ಆರ್ 17 ಎಂದು ಬರೆದಿದ್ದರೆ 225 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ, 45 ಎಂಬುದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕೆಯ ಎತ್ತರ ಎಂಬ ಲೆಕ್ಕ, ಆರ್ ಎಂದರೆ ರೇಡಿಯಲ್, 17 ರಿಮ್ಮಿನ ಇಂಚು. 225ರ ಶೇಕಡಾ 45 ಎಂದರೆ 101.25, ಮೇಲೊಂದು ಕೆಳಗೊಂದು ಪಕ್ಕೆಯಾದ್ದರಿಂದ ಅದರ ಎರಡರಷ್ಟನ್ನು 431.8ಕ್ಕೆ ಕೂಡಿದರೆ 634.3 ಮಿ.ಮೀ. 1/24ರಲ್ಲಿ ಇದು 26.4 ಮಿ.ಮೀ. ಇದರಿಂದ ನಿಮ್ಮ 19.4 ಮಿ.ಮೀ. ಚಕ್ರವನ್ನು ಕಳೆದು ಅರ್ಧ ಮಾಡಿದರೆ, ಹೊರಗೆ ಕಾಣಬೇಕಾದ ರಬ್ಬರಿನ ಪಟ್ಟಿ ಮೂರೂವರೆ ಮಿ.ಮೀ. ಎಂದು ಗೊತ್ತಾಗುತ್ತದೆ. ಅಂಚನ್ನು ಮರೆತು ಲೆಕ್ಕ ಹಾಕಿದ್ದರೆ ಇದು 4.2 ಮಿ.ಮೀ. ಎಂದು ಬರುತ್ತಿತ್ತು, ನಿಜ ಕಾರಿಗಿಂತ ಐದನೇ ಒಂದು ಭಾಗ ಹೆಚ್ಚು ದಪ್ಪ.

ನಿಜವಾದ ಕಾರಿಗೆ ದೊಡ್ಡ ರಿಮ್ ಹಾಕಿಸುವವರು ಹೊರವ್ಯಾಸವನ್ನು ಸಾಧ್ಯವಾದಷ್ಟು ಬದಲಿಸುವುದಿಲ್ಲ, ಬದಲಿಸಿದರೆ ವೇಗ ತೋರಿಸುವ ಮೀಟರು ತಪ್ಪು ಹೇಳುತ್ತದೆ. 205/55 ಆರ್ 16ರ ವ್ಯಾಸ 631.9 ಮಿ.ಮೀ., 225/40 ಆರ್ 18ರದು 637.2 ಮಿ.ಮೀ. ನಮ್ಮ ಸ್ಕೇಲಿನಲ್ಲಿ ಇವೆರಡರ ನಡುವಿನ ಅಂತರ ಕಾಲು ಮಿ.ಮೀ.ಗಿಂತ ಕಡಿಮೆ. ಮಾದರಿ ಕಟ್ಟುವವರು ಮಾತ್ರ ದೊಡ್ಡ ರಿಮ್ಮಿಗೆ ಹಳೆಯ ದಪ್ಪ ಟೈರನ್ನೇ ಎಳೆದು ಹಾಕಿ, ಚಕ್ರ ಮಡ್‌ಗಾರ್ಡಿಗೆ ತಾಗಿದಾಗ ಕಾರನ್ನೇ ಎತ್ತರಿಸುತ್ತಾರೆ. ನಾನೂ ಒಂದು ಕಾರನ್ನು ಹಾಗೆ ಎರಡು ಮಿ.ಮೀ. ಎತ್ತರಿಸಿದ್ದೆ. ನಿಜ ಕಾರಿನಲ್ಲಿ ಅದು ಸುಮಾರು ಐದು ಸೆಂಟಿಮೀಟರ್ ಎಂದು ಆಗ ಯೋಚಿಸಿರಲಿಲ್ಲ. ಕಪಾಟಿನಲ್ಲಿ ಆ ಕಾರು ಇವತ್ತಿಗೂ ನೆರೆ ನೀರು ದಾಟಲು ಹೊರಟಂತೆ ನಿಂತಿದೆ.

ಇನ್ನು ಸ್ಕೇಲಿನ ವಿಷಯ. ಜಪಾನಿನ ಕಿಟ್‌ಗಳು ಹೆಚ್ಚಾಗಿ 1/24, ಅಮೆರಿಕದ ಹಳೆಯ ಕಿಟ್‌ಗಳು ಬಹಳಷ್ಟು 1/25. ಅಂತರ ಶೇಕಡಾ ನಾಲ್ಕೇ ಎಂದು ಬಿಡಿಭಾಗಗಳನ್ನು ಅದಲು ಬದಲು ಮಾಡುವವರು ಬಹಳ. ನಿಮ್ಮ 19.4 ಮಿ.ಮೀ. ಚಕ್ರವನ್ನು 1/25 ಕಾರಿಗೆ ಹಾಕಿದರೆ ಅದು ಹದಿನೇಳೂಮುಕ್ಕಾಲು ಇಂಚಿನ ಚಕ್ರವಾಗುತ್ತದೆ, 26.4 ಮಿ.ಮೀ. ಟೈರ್ ಒಂದು ಮಿ.ಮೀ. ದೊಡ್ಡದಾಗುತ್ತದೆ. ಇಂದಿನ ಅಗಲ ಚಕ್ರದ ಕಾರಿನಲ್ಲಿ ಇದು ಕ್ಷಮಿಸಬಹುದಾದ ತಪ್ಪು. ಆದರೆ 1959ರಲ್ಲಿ 10 ಇಂಚಿನ ಚಕ್ರಗಳೊಂದಿಗೆ ಬಂದ ಮಿನಿಯಂಥ ಕಾರಿನಲ್ಲಿ ಇಡೀ ಟೈರೇ 1/24ರಲ್ಲಿ ಸುಮಾರು 21 ಮಿ.ಮೀ. ಇರುವುದರಿಂದ ಒಂದು ಮಿ.ಮೀ. ಸಹ ಎದ್ದು ಕಾಣುತ್ತದೆ.

ಮೇಲಿನ ಸೂತ್ರ ಎಲ್ಲ ಟೈರುಗಳಿಗೂ ನಡೆಯುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಜೀಪಿನಂಥ ಗಾಡಿಗಳ ಟೈರಿನ ಮೇಲೆ 31×10.50 ಆರ್ 15 ಎಂದಿದ್ದರೆ 31 ಎಂಬುದೇ ಹೊರವ್ಯಾಸದ ಇಂಚು, ಲೆಕ್ಕವೇ ಬೇಕಿಲ್ಲ. ರೇಸ್ ಟೈರುಗಳಲ್ಲಿ ಎರಡನೆಯ ಅಂಕಿ ಶೇಕಡಾವಾರು ಅಲ್ಲ, ಮಿಲಿಮೀಟರುಗಳಲ್ಲಿ ಹೊರವ್ಯಾಸ. ಫಾರ್ಮುಲಾ ಒನ್ ಕಾರಿನ ಮುಂದಿನ ಟೈರ್ 2021ರವರೆಗೆ 305/670-13 ಆಗಿದ್ದದ್ದು 2022ರಲ್ಲಿ 305/720-18 ಆಯಿತು, ಆದ್ದರಿಂದ 1/20 ಸ್ಕೇಲಿನಲ್ಲಿ ಅದು 33.5ರಿಂದ 36 ಮಿ.ಮೀ.ಗೆ ಏರಿತು, ಹಳೆಯ ಕಿಟ್ಟಿನ ಟೈರನ್ನು ಹೊಸ ಕಾರಿಗೆ ಹಾಕುವಂತಿಲ್ಲ. ಮಿಷೆಲಿನ್ ಕಂಪನಿ 1975ರಲ್ಲಿ ತಂದ ಟಿಆರ್‌ಎಕ್ಸ್ ಟೈರುಗಳ ರಿಮ್ 365, 390 ಹೀಗೆ ಮಿಲಿಮೀಟರುಗಳಲ್ಲೇ ಇತ್ತು, ಅಂಚಿನ ಆಕಾರವೂ ಬೇರೆ, ಹಾಗಾಗಿ 35 ಕೂಡುವ ರೂಢಿ ಅಲ್ಲಿ ಸಲ್ಲದು. ಅದಕ್ಕೂ ಹಿಂದಿನ 5.60-15ರಂಥ ಗುರುತುಗಳಲ್ಲಿ ಅಗಲವೂ ಇಂಚಿನಲ್ಲೇ ಇದ್ದು, ಪಕ್ಕೆಯ ಎತ್ತರವನ್ನು ಹೇಳಿಯೇ ಇರುವುದಿಲ್ಲ. ಆ ಕಾಲದ ಟೈರುಗಳಲ್ಲಿ ಪಕ್ಕೆಯ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತಿತ್ತು. ಶೇಕಡಾ 95 ಎಂದು ಹಿಡಿದರೆ ದೊಡ್ಡ ತಪ್ಪಾಗದು.

ಇಂಥ ಹಳೆಯ ಕಾರುಗಳಿಗೆ ಅಂದಾಜಿಗಿಂತ ಫೋಟೋ ಮೇಲು. ಕಾರನ್ನು ನೇರ ಪಕ್ಕದಿಂದ, ಸಾಕಷ್ಟು ದೂರದಿಂದ, ಮುಂದಿನ ಚಕ್ರ ತಿರುಗಿಸದೆ ತೆಗೆದ ಫೋಟೋ ಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರವನ್ನು, ಅಂದರೆ ವೀಲ್‌ಬೇಸನ್ನು, ಮೊದಲು ಅಳೆಯಿರಿ. ಅನಂತರ ಒಂದು ಟೈರನ್ನು ಅಡ್ಡಡ್ಡ ಅಳೆಯಿರಿ. ನೆಟ್ಟಗೆ ಅಳೆಯಬಾರದು, ಏಕೆಂದರೆ ಟೈರಿನ ಮೇಲ್ಭಾಗ ಮಡ್‌ಗಾರ್ಡಿನೊಳಗೆ ಅಡಗಿರುತ್ತದೆ, ಕೆಳಭಾಗ ಭಾರಕ್ಕೆ ಅಮುಕಿಕೊಂಡಿರುತ್ತದೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ವೀಲ್‌ಬೇಸ್ 2400 ಮಿ.ಮೀ. ಫೋಟೋದಲ್ಲಿ ಅದು 600 ಪಿಕ್ಸೆಲ್, ಟೈರ್ 163 ಪಿಕ್ಸೆಲ್ ಬಂದಿದೆ ಎಂದುಕೊಳ್ಳಿ. 163ನ್ನು 600ರಿಂದ ಭಾಗಿಸಿ 2400ರಿಂದ ಗುಣಿಸಿದರೆ 652 ಮಿ.ಮೀ., 1/24ರಲ್ಲಿ 27.2 ಮಿ.ಮೀ. 5.60-15ಕ್ಕೆ ಮೇಲೆ ಹೇಳಿದ ಶೇಕಡಾ 95ರ ಲೆಕ್ಕ ಹಾಕಿದರೂ ಉತ್ತರ ಇಲ್ಲಿಗೇ ಬಂದು ನಿಲ್ಲುತ್ತದೆ.

ಅಗಲದ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಾಗಿರುವುದಿಲ್ಲ, ಅದಕ್ಕೆ ಕಾರಣವೂ ಇದೆ. 225 ಮಿ.ಮೀ. ಟೈರ್ 1/24ರಲ್ಲಿ 9.4 ಮಿ.ಮೀ. ಇರಬೇಕು. ಆದರೆ ನಿಜ ಕಾರಿನ ಮಡ್‌ಗಾರ್ಡಿನ ತಗಡು ಒಂದು ಮಿ.ಮೀ. ದಪ್ಪವೂ ಇರುವುದಿಲ್ಲ, ಮಾದರಿಯ ಪ್ಲಾಸ್ಟಿಕ್ ಮೈ ತಾನೇ ಒಂದು ಮಿ.ಮೀ. ದಪ್ಪವಿರುತ್ತದೆ, ಅಂದರೆ ಸ್ಕೇಲಿನ ಲೆಕ್ಕದಲ್ಲಿ 24 ಮಿ.ಮೀ. ದಪ್ಪದ ಗೋಡೆ. ಸರಿಯಾದ ಅಗಲದ ಟೈರನ್ನು ಸರಿಯಾದ ಜಾಗದಲ್ಲಿ ಇಡಲು ಹೋದರೆ ಈ ಗೋಡೆ ಅಡ್ಡ ಬರುತ್ತದೆ, ಚಕ್ರವನ್ನು ಒಳಗೆ ತಳ್ಳಿದರೆ ಕಾರು ಬಡಕಲಾಗಿ ಕಾಣುತ್ತದೆ. ನಾನು ಮಾಡುವುದು ಹೀಗೆ: ಮಡ್‌ಗಾರ್ಡಿನ ಒಳಮೈಯನ್ನು, ಕಮಾನಿನ ಅಂಚಿನಿಂದ ಸುಮಾರು ಮೂರು ಮಿ.ಮೀ. ಒಳಗಿನವರೆಗೆ ಮಾತ್ರ, ದುಂಡು ಅರದಿಂದ ಉಜ್ಜಿ ತೆಳುವಾಗಿಸುತ್ತೇನೆ. ದೀಪದ ಎದುರು ಹಿಡಿದಾಗ ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಮಂಕಾಗಿ ಕಾಣತೊಡಗಿದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಅದಕ್ಕೂ ಸಾಲದಿದ್ದರೆ ಟೈರನ್ನು ಅದರ ಒಳಬದಿಯಿಂದ, ಕಣ್ಣಿಗೆ ಬೀಳದ ಕಡೆಯಿಂದ, ಒಂದು ಮಿ.ಮೀ. ಕೊಯ್ಯುತ್ತೇನೆ. ಹೊರಗಿನ ಮುಖ ಇರಬೇಕಾದಲ್ಲಿಯೇ ಉಳಿಯುತ್ತದೆ.

ನಿಜ ಕಾರಿನ ಟೈರ್ ನೆಲ ಮುಟ್ಟುವಲ್ಲಿ ಸುಮಾರು 20 ಮಿ.ಮೀ. ಅಮುಕಿಕೊಂಡಿರುತ್ತದೆ ಎಂಬುದನ್ನೂ ಮರೆಯಬೇಡಿ. ಟೈರಿನ ತಳವನ್ನು ಸ್ಯಾಂಡ್‌ಪೇಪರ್ ಮೇಲೆ ಅರ್ಧದಿಂದ ಮುಕ್ಕಾಲು ಮಿ.ಮೀ. ಉಜ್ಜಿ ಚಪ್ಪಟೆ ಮಾಡಿದರೆ ಕಾರಿಗೆ ತೂಕ ಬಂದಂತಾಗುತ್ತದೆ. ಆಮೇಲೆ ಚಕ್ರ ತಿರುಗಿಸುವ ಆಸೆಯನ್ನು ಮಾತ್ರ ಬಿಡಬೇಕು. 1/64ರ ಪುಟ್ಟ ಕಾರುಗಳಿಗೆ ಈ ಸೂಕ್ಷ್ಮಗಳಾವುವೂ ಬೇಕಿಲ್ಲ. ಹಾಟ್ ವೀಲ್ಸ್ ಕಾರುಗಳನ್ನು ಪೊಟ್ಟಣಕ್ಕೆ ಹೊಂದುವಂತೆ ಹಿಗ್ಗಿಸಿ ಕುಗ್ಗಿಸಿರುತ್ತಾರೆ, ಚಕ್ರಗಳೂ ಹಲವು ಕಾರುಗಳಿಗೆ ಒಂದೇ ಬಗೆಯವು; ಅಲ್ಲಿ ಫೋಟೋದ ಅನುಪಾತವೊಂದನ್ನು ನೋಡಿಕೊಂಡರೆ ಸಾಕು.

ನಿಮ್ಮ ಚಕ್ರಗಳಿಗೆ ಮರಳಿ ಬರುವುದಾದರೆ, ಅವನ್ನು ಹಿಂದಿರುಗಿಸಬೇಡಿ. ಕಿಟ್ಟಿನ ಜೊತೆ ಬಂದ ಟೈರನ್ನು ಈಗ ಅಳೆಯಿರಿ. ಹೊರವ್ಯಾಸ 26ರಿಂದ 26.5 ಮಿ.ಮೀ. ಒಳಗಿದ್ದು, ಚಕ್ರ ಕೂರಿಸಿದ ಮೇಲೆ ಕಾಣುವ ರಬ್ಬರ್ ಮೂರೂವರೆ ಮಿ.ಮೀ. ಹತ್ತಿರವಿದ್ದರೆ ಜೋಡಿಸಿ ಮುಂದುವರಿಯಿರಿ. ಟೈರಿನ ತೂತು ಚಿಕ್ಕದಾಗಿ ಚಕ್ರ ಒಳಗೆ ಹೋಗದಿದ್ದರೆ ಟೈರನ್ನು ಹತ್ತು ನಿಮಿಷ ಬಿಸಿನೀರಿನಲ್ಲಿಟ್ಟು ಮೆದುವಾದಾಗ ಪ್ರಯತ್ನಿಸಿ, ಆದರೆ ಕೂರಿಸಿದ ಮೇಲೆ ಹೊರವ್ಯಾಸವನ್ನು ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಹಿಗ್ಗಿದ ಟೈರ್ ಹೊರಗೂ ಹಿಗ್ಗಿರುತ್ತದೆ.