ಲಾಕ್‌ಡೌನ್ ವಾದ: ಮುಚ್ಚುವ ಅಧಿಕಾರ, ಸಾಕುವ ಹೊಣೆ

2020ರ ಮಾರ್ಚ್ ಕೊನೆಯ ವಾರ. ಕೇರಳದಿಂದ ಕರ್ನಾಟಕಕ್ಕೆ ಬರುವ ಹಲವು ರಸ್ತೆಗಳ ಮೇಲೆ ನಮ್ಮ ಕಡೆಯಿಂದ ಮಣ್ಣು ಸುರಿದರು. ತಲಪಾಡಿ ಗಡಿಯಲ್ಲಿ ಆಂಬುಲೆನ್ಸ್‌ಗಳೂ ನಿಂತವು. ಕಾಸರಗೋಡಿನ ಉತ್ತರ ಭಾಗದ ಜನಕ್ಕೆ ದೊಡ್ಡಾಸ್ಪತ್ರೆ ಅಂದರೆ ಮೊದಲಿನಿಂದಲೂ ಮಂಗಳೂರೇ. ಡಯಾಲಿಸಿಸ್, ಹೃದಯದ ತೊಂದರೆ, ಕಷ್ಟದ ಹೆರಿಗೆ, ಎಲ್ಲದಕ್ಕೂ ಅವರು ಬರುತ್ತಿದ್ದದ್ದು ಇಲ್ಲಿಗೆ. ಅಲ್ಲಿ ಕನ್ನಡ, ತುಳು ಮಾತಾಡುವ ಮನೆಗಳು ಸಾಕಷ್ಟಿವೆ. ಎಷ್ಟೋ ಮನೆಗಳ ನೆಂಟರು ಗಡಿಯ ಈಚೆಗಿದ್ದಾರೆ. ಆ ದಿನಗಳಲ್ಲಿ ಗಡಿ ದಾಟಲಾಗದೆ ಹಲವು ರೋಗಿಗಳು ಪ್ರಾಣ ಬಿಟ್ಟರು. ಅವರಿಗೆ ಬಂದದ್ದು ಕೊರೊನಾ ಅಲ್ಲ.

ಕರ್ನಾಟಕದ ಭಯವೂ ಸುಳ್ಳಾಗಿರಲಿಲ್ಲ. ಆಗ ಕಾಸರಗೋಡು ದೇಶದಲ್ಲೇ ಸೋಂಕು ಹೆಚ್ಚಿದ್ದ ಜಿಲ್ಲೆಗಳಲ್ಲಿ ಒಂದು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಿ ಎಂದು ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಗಿದೆ ಎಂದು ಆ ಕೋರ್ಟಿಗೆ ತಿಳಿಸುವ ಹೊತ್ತಿಗೆ ಏಪ್ರಿಲ್ 7 ಆಗಿತ್ತು.

ಲಾಕ್‌ಡೌನ್ ಸರಿಯೋ ತಪ್ಪೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಟಿವಿಯಲ್ಲಿ, ಮದುವೆ ಮನೆಯಲ್ಲಿ, ಚುನಾವಣೆ ಭಾಷಣದಲ್ಲಿ ಅದು ಬರುತ್ತಲೇ ಇರುತ್ತದೆ. ಹೆಚ್ಚಿನ ಸಲ ಅದನ್ನು 'ಜೀವವೋ, ಜೀವನೋಪಾಯವೋ' ಎಂದು ಎರಡು ಪಾಲು ಮಾಡಿಬಿಡುತ್ತೇವೆ. ನನಗೆ ಆ ಪ್ರಶ್ನೆಯೇ ಸರಿ ಕಾಣುವುದಿಲ್ಲ. ತಲಪಾಡಿಯಲ್ಲಿ ಹೋದದ್ದು ಜೀವವೇ ಅಲ್ವಾ? ಗಡಿ ಮುಚ್ಚುವ ಅಧಿಕಾರ ಯಾರಿಗಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಮುಚ್ಚಿದ ಮೇಲೆ ಒಳಗೆ ಉಳಿದವರನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದನ್ನು ಮಾತ್ರ ಮೊದಲೇ ಯಾರೂ ಹೇಳಿರಲಿಲ್ಲ. ಈ ಕೊರತೆಗೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. 1897ರ ಫೆಬ್ರವರಿಯಲ್ಲಿ ಬ್ರಿಟಿಷರು ಅವಸರದಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದರು. ಅದರಲ್ಲಿದ್ದದ್ದು ನಾಲ್ಕೇ ಸೆಕ್ಷನ್. ಸರ್ಕಾರ ಬೇಕೆನಿಸಿದ ಕ್ರಮ ತೆಗೆದುಕೊಳ್ಳಬಹುದು. ಮೀರಿದವರಿಗೆ ಶಿಕ್ಷೆ. ಒಳ್ಳೆಯ ಉದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ಕೇಸು ಹಾಕುವಂತಿಲ್ಲ. ಮನೆಯಿಂದ ಹೊರಹಾಕಿದವರಿಗೆ ಊಟ ಯಾರು ಕೊಡಬೇಕು, ಸುಟ್ಟ ಸಾಮಾನಿಗೆ ಪರಿಹಾರ ಏನು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ.

ಪುಣೆಯಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥನಾಗಿದ್ದ ವಾಲ್ಟರ್ ರ‍್ಯಾಂಡ್ ಸೈನಿಕರನ್ನು ಮನೆ ಮನೆಗೆ ನುಗ್ಗಿಸಿದ. ಅಡುಗೆ ಮನೆ, ದೇವರ ಕೋಣೆ ಎಂದು ನೋಡದೆ ತಪಾಸಣೆ ನಡೆಯಿತು. ಜನ ರೊಚ್ಚಿಗೆದ್ದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ಕೆಲವು ದಿನಗಳ ನಂತರ ಅವನು ಸತ್ತ. ಆ ಹೊತ್ತಿನ ಬರಹಗಳಿಗಾಗಿ ಬಾಲಗಂಗಾಧರ ತಿಲಕರು ರಾಜದ್ರೋಹದ ಆರೋಪದಲ್ಲಿ ಜೈಲಿಗೆ ಹೋದರು.

ನಮ್ಮಲ್ಲೂ ಶಾಂತವಾಗೇನೂ ಇರಲಿಲ್ಲ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲು ದಾರಿಯಲ್ಲಿ ಪ್ಲೇಗ್ ಬೆಂಗಳೂರಿಗೆ ಬಂತು. ಪೇಟೆಯ ಇಕ್ಕಟ್ಟಾದ ಓಣಿಗಳು ಖಾಲಿಯಾದವು. ಮೈಸೂರು ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ರೋಗಿಗಳನ್ನು ಬೇರೆ ಶಿಬಿರಕ್ಕೆ ಒಯ್ಯುವುದು, ಮನೆ ಖಾಲಿ ಮಾಡಿಸುವುದು ಶುರುವಾಯಿತು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ಈ ಕ್ರಮಗಳ ವಿರುದ್ಧ ದಂಗೆ ಎದ್ದರು. ಇತ್ತ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಕಂಡುಹಿಡಿದ ಪ್ಲೇಗ್ ಲಸಿಕೆಯನ್ನು ಆ ಕಾಲಕ್ಕೆ ತುಂಬಾ ದೊಡ್ಡ ಪ್ರಮಾಣದಲ್ಲಿ ಹಾಕಿದರು. ಬಸವನಗುಡಿ, ಮಲ್ಲೇಶ್ವರಂ ಅಗಲ ರಸ್ತೆಯ, ಗಾಳಿ ಬೆಳಕಿನ ಬಡಾವಣೆಗಳಾಗಿ ತುಂಬಿಕೊಂಡದ್ದು ಈ ಪ್ಲೇಗಿನ ನಂತರ.

ಮುಂದೆ ಆದದ್ದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಪ್ಲೇಗ್ ಒಂದೆರಡು ವರ್ಷಕ್ಕೆ ಹೋಗಲಿಲ್ಲ. ದಶಕಗಳ ಕಾಲ ಹಳೆ ಮೈಸೂರು ಸೀಮೆಯಲ್ಲಿ, ಧಾರವಾಡ ಸೀಮೆಯಲ್ಲಿ ಬಂದು ಹೋಗುತ್ತಿತ್ತು. ಅಷ್ಟರಲ್ಲಿ ಜನಕ್ಕೆ ರೋಗದ ಗುರುತು ಸಿಕ್ಕಿತ್ತು. ಮನೆಯಲ್ಲಿ ಇಲಿ ಸತ್ತು ಬಿತ್ತು ಅಂದರೆ ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಅಮಲ್ದಾರ ಬಂದು ಹೇಳುವವರೆಗೆ ಯಾರೂ ಕಾಯುತ್ತಿರಲಿಲ್ಲ. ದನ, ಕಾಳು, ಪಾತ್ರೆ ಜೊತೆಗಿರುತ್ತಿದ್ದವು. ಹೊಲದ ಕೆಲಸ ನಡೆಯುತ್ತಿತ್ತು. ಅದೂ ಒಂದು ರೀತಿಯ ಲಾಕ್‌ಡೌನೇ. ಸೈನಿಕರು ಎಳೆದುಕೊಂಡು ಹೋದಾಗ ದಂಗೆ ಎದ್ದ ಜನ, ಕಾರಣ ತಿಳಿದಾಗ ಮತ್ತು ಬದುಕು ಕೈಬಿಡದಿದ್ದಾಗ ತಾವೇ ಊರು ಬಿಟ್ಟರು.

ಇನ್ನು 2020. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯದ್ದು, ಮಾರ್ಚ್ 10ರಂದು. ಅದು ಕೊರೊನಾ ಎಂದು ಖಚಿತವಾದದ್ದು ಎರಡು ದಿನದ ನಂತರ. ಮರುದಿನವೇ ಮುಖ್ಯಮಂತ್ರಿ ಯಡಿಯೂರಪ್ಪ ಮಾಲ್, ಥಿಯೇಟರ್, ಮದುವೆ ಸಮಾರಂಭಗಳನ್ನು ಒಂದು ವಾರ ನಿಲ್ಲಿಸುವುದಾಗಿ ಹೇಳಿದರು. ಅದಕ್ಕೆ ದೊಡ್ಡ ವಿರೋಧ ಬರಲಿಲ್ಲ. ಮಾರ್ಚ್ 24ರ ರಾತ್ರಿ 8ಕ್ಕೆ ಪ್ರಧಾನಿ ಮೋದಿ ಟಿವಿಗೆ ಬಂದರು. ಮಧ್ಯರಾತ್ರಿಯಿಂದ 21 ದಿನ ಇಡೀ ದೇಶ ಬಂದ್. ಕೈಯಲ್ಲಿದ್ದದ್ದು ನಾಲ್ಕು ಗಂಟೆ. ಆಗ ದೇಶದಲ್ಲಿ ಪತ್ತೆಯಾಗಿದ್ದ ಪ್ರಕರಣ ಸುಮಾರು 500. ಸರ್ಕಾರಗಳ ಬಿಗಿ ಕ್ರಮಗಳಿಗೆ ಅಂಕ ಕೊಡುತ್ತಿದ್ದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸೂಚಿಯಲ್ಲಿ ಭಾರತಕ್ಕೆ 100ಕ್ಕೆ 100 ಬಂತು.

ಲಾಕ್‌ಡೌನ್ ಪರ ಇದ್ದವರ ಮಾತನ್ನು ತಳ್ಳಿಹಾಕುವಂತಿಲ್ಲ. ಇಟಲಿಯ ಆಸ್ಪತ್ರೆಗಳ ಚಿತ್ರ ಎಲ್ಲರ ಕಣ್ಣ ಮುಂದಿತ್ತು. ನಮ್ಮಲ್ಲಿ ಪರೀಕ್ಷಾ ಲ್ಯಾಬ್ ಕಡಿಮೆ. ಲಸಿಕೆ ಇಲ್ಲ. ವೈದ್ಯರು ಹಾಕುವ ಪಿಪಿಇ ಕಿಟ್ ದೇಶದಲ್ಲಿ ತಯಾರಾಗುತ್ತಲೇ ಇರಲಿಲ್ಲ ಎನ್ನಬಹುದು. ಲಾಕ್‌ಡೌನ್ ಕೊಟ್ಟ ಸಮಯದಲ್ಲಿ ಅದು ಬದಲಾಯಿತು. ಬೆಂಗಳೂರೇ ಆ ಕಿಟ್‌ಗಳ ಮುಖ್ಯ ಕೇಂದ್ರವಾಯಿತು. ಲಾಕ್‌ಡೌನ್‌ನಿಂದ 14ರಿಂದ 29 ಲಕ್ಷ ಸೋಂಕು, 37 ಸಾವಿರದಿಂದ 78 ಸಾವಿರ ಸಾವು ತಪ್ಪಿತು ಎಂದು ಸೆಪ್ಟೆಂಬರ್‌ನಲ್ಲಿ ಆರೋಗ್ಯ ಸಚಿವ ಹರ್ಷವರ್ಧನ್ ಸಂಸತ್ತಿನಲ್ಲಿ ಹೇಳಿದರು. ಇದು ಲೆಕ್ಕಾಚಾರದ ಮಾದರಿಗಳಿಂದ ಬಂದ ಅಂದಾಜು. ಎಣಿಸಿ ತೆಗೆದ ಸಂಖ್ಯೆ ಅಲ್ಲ. ಜಗಳ ಇಲ್ಲಿಂದಲೇ ಶುರು.

ವೆಲ್ಲೂರಿನ ಸಾಂಕ್ರಾಮಿಕ ರೋಗ ತಜ್ಞ ಜಯಪ್ರಕಾಶ್ ಮುಳಿಯಿಲ್ ಅವರಂಥವರು ದೀರ್ಘ ಲಾಕ್‌ಡೌನ್ ಬೇಡ, ವಯಸ್ಸಾದವರನ್ನು ಕಾಪಾಡಿ ಎಂದರು. ಮುಚ್ಚಿದರೆ ಸೋಂಕು ಮುಂದಕ್ಕೆ ಹೋಗುತ್ತದೆ, ಮಾಯವಾಗುವುದಿಲ್ಲ ಎಂಬುದು ಈ ಕಡೆಯವರ ವಾದ. ಅಂಕಿಗಳು ಅದನ್ನು ಒಂದಷ್ಟು ಮಟ್ಟಿಗೆ ಒಪ್ಪುತ್ತವೆ. ಮೇ-ಜೂನ್ ಹೊತ್ತಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಸೋಂಕು ತಗುಲಿದ್ದವರು ಶೇ. 0.73 ಮಾತ್ರ. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರವೇ ಸಮೀಕ್ಷೆ ಮಾಡಿದಾಗ ರಾಜ್ಯದ ಶೇ. 27ರಷ್ಟು ಜನಕ್ಕೆ ಸೋಂಕು ಬಂದಿತ್ತು. ಹಾಗಾದರೆ ಆ ಲಾಕ್‌ಡೌನ್ ದಂಡವೇ? ನಾನು ಹಾಗೆ ಹೇಳಲಾರೆ. ಆಸ್ಪತ್ರೆ ಸಜ್ಜಾಗಿದ್ದರೆ ಮುಂದೂಡಿದ್ದರಲ್ಲೇ ಲಾಭವಿದೆ. ಆದರೆ ಆ ಸಮಯಕ್ಕೆ ಬೆಲೆ ಕೊಟ್ಟವರು ಯಾರು ಎಂದು ಕೇಳಲೇಬೇಕು.

2020ರ ಮೇ ತಿಂಗಳ ಮೊದಲ ವಾರವನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಕಟ್ಟಡ ಕೆಲಸಗಾರರಿಗೆ ಸಂಬಳ ನಿಂತು ಒಂದು ತಿಂಗಳ ಮೇಲಾಗಿತ್ತು. ಉತ್ತರ ಕರ್ನಾಟಕದ ಊರುಗಳಿಗೆ ಹೊರಟವರು ಮೆಜೆಸ್ಟಿಕ್‌ನಲ್ಲಿ ಗಂಟುಮೂಟೆ ಹಿಡಿದು ನಿಂತಿದ್ದರು. ಬಸ್ಸಿಗೆ ಮಾಮೂಲಿಗಿಂತ ಹೆಚ್ಚು ದರ ಕೇಳಿದರು. ಗಲಾಟೆಯಾದ ಮೇಲೆ ಉಚಿತ ಮಾಡಿದರು. ಬಿಹಾರ, ಉತ್ತರ ಪ್ರದೇಶ, ಒಡಿಶಾದವರಿಗೆ ಶ್ರಮಿಕ್ ರೈಲು ಹೊರಟವು. ಮೇ 5ರಂದು ಮುಖ್ಯಮಂತ್ರಿ ಬಿಲ್ಡರ್‌ಗಳ ಜೊತೆ ಮಾತಾಡಿದರು. ಅದೇ ದಿನ ರಾಜ್ಯ ಸರ್ಕಾರ ರೈಲು ಬೇಡ ಎಂದು ರೈಲ್ವೆಗೆ ಪತ್ರ ಬರೆಯಿತು. ಕಟ್ಟಡ ಕೆಲಸ ಮತ್ತೆ ಶುರುವಾಗಬೇಕು, ಕೆಲಸಗಾರರು ಇಲ್ಲೇ ಇರಬೇಕು ಎಂಬುದು ಕಾರಣ. ದೇಶದೆಲ್ಲೆಡೆ ಟೀಕೆ ಬಂದ ಮೇಲೆ ಎರಡು ದಿನದಲ್ಲಿ ನಿರ್ಧಾರ ಬದಲಾಯಿತು. ಮುಚ್ಚುವಾಗಲೂ ಅವರನ್ನು ಕೇಳಲಿಲ್ಲ, ತೆರೆಯುವಾಗಲೂ ಕೇಳಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಟಿಕೆಟಿಗೆ ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಊರಿಗೆ ಹೋಗುವುದು ತಪ್ಪಬಾರದು ಎಂದು ಹೈಕೋರ್ಟ್ ಹೇಳಬೇಕಾಗಿ ಬಂತು. ಆಗ ಮುಖ್ಯ ನ್ಯಾಯಮೂರ್ತಿ ಆಗಿದ್ದವರು ಅಭಯ್ ಓಕಾ.

ಮೇ 6ರಂದು ರಾಜ್ಯ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ-ಟ್ಯಾಕ್ಸಿ ಚಾಲಕರಿಗೆ ತಲಾ 5,000. ಹೂ ಬೆಳೆದವರಿಗೆ ಹೆಕ್ಟೇರಿಗೆ 25,000. ಒಳ್ಳೆಯ ಕೆಲಸವೇ. ಆದರೆ ಅಂಗಡಿ ಮುಚ್ಚಿಸಿದ್ದು ನಾಲ್ಕು ಗಂಟೆಯಲ್ಲಿ, ನೆರವಿನ ಘೋಷಣೆ ಬಂದದ್ದು ಆರು ವಾರಕ್ಕೆ. ಚಾಲಕರು ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಆನ್‌ಲೈನ್ ಅರ್ಜಿ ಬೇರೆ ಹಾಕಬೇಕಿತ್ತು. ಸೈಬರ್ ಸೆಂಟರ್‌ಗಳೂ ಸರಿಯಾಗಿ ತೆರೆಯದ ಕಾಲ ಅದು.

ಆ ಸೆಪ್ಟೆಂಬರ್‌ನಲ್ಲಿ ಸಂಸತ್ತಿನಲ್ಲಿ ಕಾರ್ಮಿಕ ಸಚಿವಾಲಯ ಎರಡು ಉತ್ತರ ಕೊಟ್ಟಿತು. ಒಂದು ಕೋಟಿಗೂ ಹೆಚ್ಚು ವಲಸೆ ಕಾರ್ಮಿಕರು ಊರಿಗೆ ಮರಳಿದ್ದಾರೆ. ದಾರಿಯಲ್ಲಿ ಎಷ್ಟು ಜನ ಸತ್ತರು ಎಂಬ ಲೆಕ್ಕ ಇಲ್ಲ. ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ ಸುಮಾರು ಶೇ. 24 ಕುಸಿದಿತ್ತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ವರದಿ ಪ್ರಕಾರ, ರಾಷ್ಟ್ರೀಯ ಕನಿಷ್ಠ ಕೂಲಿಯ ಗೆರೆಗಿಂತ ಕೆಳಗೆ ಬಿದ್ದವರು ಹೊಸದಾಗಿ 23 ಕೋಟಿ.

ಜಗತ್ತಿನ ಬೇರೆ ಕಡೆಯೂ ಇದೇ ಜಗಳ. ಸ್ವೀಡನ್ ಪೂರ್ತಿ ಮುಚ್ಚಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಜಯ್ ಭಟ್ಟಾಚಾರ್ಯ, ಸುನೇತ್ರಾ ಗುಪ್ತಾ, ಮಾರ್ಟಿನ್ ಕುಲ್ಡಾರ್ಫ್ 'ಗ್ರೇಟ್ ಬ್ಯಾರಿಂಗ್ಟನ್ ಘೋಷಣೆ'ಯಲ್ಲಿ ವಯಸ್ಸಾದವರನ್ನು ಕಾಪಾಡಿ, ಯುವಕರು ಮಾಮೂಲಾಗಿ ಬದುಕಲಿ ಎಂದರು. ಕೆಲವೇ ದಿನದಲ್ಲಿ ಬೇರೆ ವಿಜ್ಞಾನಿಗಳು 'ಜಾನ್ ಸ್ನೋ ಮೆಮೊರಾಂಡಂ' ಬರೆದು ಇದು ಅಪಾಯ ಎಂದರು. ಈ ಎರಡೂ ಕಾಗದಗಳಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಯ ಚಿತ್ರ ನನಗೆ ಕಾಣಲಿಲ್ಲ. ಅಜ್ಜಿಯನ್ನು ಬೇರೆ ಇಡುವುದು ಎಲ್ಲಿ?

ನಮ್ಮ ರಾಜ್ಯದಲ್ಲಿ ನಿಲುವು ಬೇಗ ಬೇಗ ಬದಲಾಯಿತು. 2020ರ ಜುಲೈ 14ರಿಂದ ಬೆಂಗಳೂರಿನಲ್ಲಿ ಒಂದು ವಾರ ಮತ್ತೆ ಲಾಕ್‌ಡೌನ್. ಅದು ಮುಗಿಯುವ ಮುನ್ನವೇ ಯಡಿಯೂರಪ್ಪ ಲಾಕ್‌ಡೌನ್ ಪರಿಹಾರ ಅಲ್ಲ ಎಂದರು. ಡಿಸೆಂಬರ್‌ನಲ್ಲಿ ರಾತ್ರಿ ಕರ್ಫ್ಯೂ ಘೋಷಿಸಿ, ಜಾರಿಗೆ ಬರುವ ಮೊದಲೇ ಹಿಂದಕ್ಕೆ ತೆಗೆದುಕೊಂಡರು. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದಾಗ ಲಾಕ್‌ಡೌನ್ ಕೊನೆಯ ಅಸ್ತ್ರವಾಗಲಿ ಎಂದು ಪ್ರಧಾನಿಯೇ ರಾಜ್ಯಗಳಿಗೆ ಹೇಳಿದರು. ಆದರೂ ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕ ಮುಚ್ಚಿತು. ಮೇ 10ರಿಂದ ಇನ್ನೂ ಬಿಗಿ. ತರಕಾರಿ ತರಲು ಬೈಕ್ ತೆಗೆದವರಿಗೂ ಮೊದಲ ದಿನ ಲಾಠಿ ಬಿತ್ತು. ಆಮೇಲೆ ಪೊಲೀಸ್ ಮುಖ್ಯಸ್ಥರೇ ಬಲ ಪ್ರಯೋಗ ಬೇಡ ಎಂದು ಹೇಳಬೇಕಾಯಿತು.

ಅದೇ ಮೇ ತಿಂಗಳ ಮೊದಲ ದಿನಗಳಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರಾತ್ರಿ ಕಳೆದು ಬೆಳಗಾಗುವುದರಲ್ಲಿ ಸಾವಿನ ಸಾಲು. ಒಂದು ದಿನದ ಒಳಗೆ 24 ಜನ ಸತ್ತರು. 2020ರಲ್ಲಿ ದೇಶ ಅಷ್ಟು ಬೆಲೆ ಕೊಟ್ಟು ಕೊಂಡ ಸಮಯ ಆ ಆಸ್ಪತ್ರೆಯವರೆಗೆ ತಲುಪಿರಲಿಲ್ಲ. ಲಾಕ್‌ಡೌನ್ ಪರ ಮಾತಾಡುವವರು ಉತ್ತರಿಸಬೇಕಾದ ಕಷ್ಟದ ಪ್ರಶ್ನೆ ಇದು. ಮುಚ್ಚಬಾರದಿತ್ತು ಎನ್ನುವವರಿಗೂ ಇದೇ ಘಟನೆ ಒಂದು ಪ್ರಶ್ನೆ: ಆ ವಾರ ಎಲ್ಲವನ್ನೂ ತೆರೆದಿಟ್ಟಿದ್ದರೆ ಇನ್ನೆಷ್ಟು ಜಿಲ್ಲೆಯಲ್ಲಿ ಹೀಗಾಗುತ್ತಿತ್ತು?

2022ರ ಜನವರಿಯಲ್ಲಿ ಓಮಿಕ್ರಾನ್ ಬಂದಾಗ ವಾದ ಪೂರ್ತಿ ರಾಜಕೀಯಕ್ಕೆ ಇಳಿಯಿತು. ವಾರಾಂತ್ಯ ಕರ್ಫ್ಯೂ ನಡುವೆಯೇ ಕಾಂಗ್ರೆಸ್ ಮೇಕೆದಾಟು ಪಾದಯಾತ್ರೆ ಹೊರಟಿತು. ಹೈಕೋರ್ಟ್ ಗದರಿದ ಮೇಲೆ ಅದು ನಿಂತಿತು. ಹೋಟೆಲಿನವರು, ವ್ಯಾಪಾರಿಗಳು, ಆಡಳಿತ ಪಕ್ಷದ ಕೆಲವರೂ ವಿರೋಧಿಸಿದ ಮೇಲೆ ಕರ್ಫ್ಯೂ ಕೂಡ ಹೋಯಿತು.

ಮಕ್ಕಳ ಪರ ವಿರೋಧಿಸುವವರು ಅಷ್ಟು ಗಟ್ಟಿಯಾಗಿ ಇರಲಿಲ್ಲ. ಬಾರು, ಮಾಲು, ಮದುವೆ ಛತ್ರ ತೆರೆದ ಎಷ್ಟೋ ದಿನದ ಮೇಲೆ ಶಾಲೆ ತೆರೆಯಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಕ್ಲಾಸಿಗೆ ಮರಳಿದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು! ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ 16 ಸಾವಿರ ಮಕ್ಕಳನ್ನು ನೋಡಿತು. ಶೇ. 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಯಾವುದಾದರೂ ಒಂದು ಕೌಶಲವನ್ನು ಮರೆತಿದ್ದರು. ಗಣಿತದಲ್ಲಿ ಶೇ. 82. ಆ ಮಕ್ಕಳು ಮುಂದಿನ ತರಗತಿಗಳಿಗೆ ಹೋಗಿದ್ದಾರೆ. ಆ ನಷ್ಟ ತುಂಬಲು ನಾವು ಮಾಡಿದ್ದು ತೀರಾ ಕಡಿಮೆ.

ಇಷ್ಟಾದರೂ ಕಾನೂನಿನಲ್ಲಿ ಏನು ಬದಲಾಯಿತು? 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿ ಮೇಲೆ ದಾಳಿ ನಡೆದ ಕೆಲವೇ ದಿನಗಳಲ್ಲಿ ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ತಂದಿತು. ಅದೇ ಹೊತ್ತಿಗೆ ಕೇಂದ್ರ 1897ರ ಕಾಯ್ದೆಗೆ ತಿದ್ದುಪಡಿ ಮಾಡಿತು. ಆರೋಗ್ಯ ಸಿಬ್ಬಂದಿಗೆ ತೀವ್ರ ಗಾಯವಾಗುವಂತೆ ಹೊಡೆದರೆ ಏಳು ವರ್ಷದವರೆಗೆ ಜೈಲು. ಅದು ಬೇಕಿತ್ತು. ಆದರೆ ಜನರ ಕಡೆಗಿನ ಹೊಣೆಯ ಸಾಲು ಆಗಲೂ ಸೇರಲಿಲ್ಲ. ಆ ಹೊಣೆ ಇದ್ದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ. ವಸತಿ, ಊಟ, ಕುಡಿಯುವ ನೀರು, ಔಷಧ, ಸತ್ತವರ ಮನೆಗೆ ಪರಿಹಾರ, ಇವುಗಳ ಕನಿಷ್ಠ ಮಟ್ಟ ಏನೆಂದು ಮೊದಲೇ ಹೇಳಬೇಕು ಎನ್ನುತ್ತದೆ ಅದು. ದೇಶ ಮುಚ್ಚಿದ್ದು ಇದೇ ಕಾಯ್ದೆಯ ಅಡಿಯಲ್ಲಿ. ಪರಿಹಾರದ ಭಾಗ ಜಾರಿಯಾಗಲು ಮಾತ್ರ 2021ರ ಜೂನ್ 30ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು. ಆಮೇಲೆ ಸತ್ತವರ ಮನೆಗೆ 50,000 ರೂಪಾಯಿ ನಿಗದಿಯಾಯಿತು.

2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 286ನೇ ವರದಿಯಲ್ಲಿ 1897ರ ಕಾಯ್ದೆ ಈ ಕಾಲಕ್ಕೆ ಸಾಲದು, ತಿದ್ದಿ ಇಲ್ಲವೇ ಹೊಸದು ತನ್ನಿ ಎಂದಿತು. ಆಗ ಆಯೋಗದ ಅಧ್ಯಕ್ಷರಾಗಿದ್ದ ರಿತು ರಾಜ್ ಅವಸ್ಥಿ ಅದಕ್ಕೂ ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ಹೊಸ ಕಾನೂನಿನ ಕರಡು ಬಂದ ದಿನ ನಾನು ಮೊದಲು ಹುಡುಕುವುದು ಎಷ್ಟು ದಿನ ಮುಚ್ಚಬಹುದು ಎಂಬುದನ್ನಲ್ಲ. ಮುಚ್ಚುವ ಆದೇಶದ ಜೊತೆಗೇ ರೇಷನ್, ಕೂಲಿ, ಊರಿಗೆ ಹೋಗುವ ಬಸ್ಸು, ಗಡಿ ದಾಟುವ ಆಂಬುಲೆನ್ಸ್, ಶಾಲೆ ತೆರೆಯುವ ದಿನಾಂಕ ಹೊರಡಬೇಕು ಎಂದು ಅದರಲ್ಲಿ ಬರೆದಿದೆಯೇ, ಹೊರಡದಿದ್ದರೆ ಯಾವ ಅಧಿಕಾರಿ ಉತ್ತರ ಕೊಡಬೇಕು ಎಂದಿದೆಯೇ ಎಂಬುದನ್ನು.