‘ಲಾ ಲಾ ಲ್ಯಾಂಡ್’ ಕೊನೆಯಲ್ಲಿ ಬರುವ ಕನಸು ಯಾರದ್ದು?

ಪ್ರಶ್ನೆ: ಸ್ವಂತ ಜಾಝ್ ಕ್ಲಬ್ ತೆರೆಯುವ ಆಸೆಯ ಪಿಯಾನೋ ವಾದಕ ಸೆಬ್ ಮತ್ತು ನಟಿಯಾಗಲು ಹೊರಟ ಮಿಯಾ ಮದುವೆಯಾಗಿ, ಮಗುವಾಗಿ, ಚೆನ್ನಾಗಿರುವ ಹಾಗೆ ಕೊನೆಯಲ್ಲಿ ತೋರಿಸುತ್ತಾರೆ. ಆಮೇಲೆ ನೋಡಿದರೆ ಅದೆಲ್ಲ ಬರೀ ಕಲ್ಪನೆ. ಹಾಗಾದರೆ ಆ ಕನಸು ಕಂಡಿದ್ದು ಯಾರು?

ಉತ್ತರ: ಈ ಹಾಲಿವುಡ್ ಸಿನಿಮಾ ಬಂದಿದ್ದು 2016ರಲ್ಲಿ. ಈ ಜಗಳ ಇನ್ನೂ ಮುಗಿದಿಲ್ಲ. ಜಾಸ್ತಿ ಜನ ಮಿಯಾಳದ್ದು ಅನ್ನುತ್ತಾರೆ, ಅದಕ್ಕೆ ಕಾರಣವೂ ಇದೆ. ಐದು ವರ್ಷ ಕಳೆದಿದೆ, ಅವಳೀಗ ಹೆಸರಾಂತ ನಟಿ. ಗಂಡನ ಜೊತೆ ಹೊರಟವಳು ಟ್ರಾಫಿಕ್ಕಿನಿಂದ ತಪ್ಪಿಸಿಕೊಂಡು ಯಾವುದೋ ಕ್ಲಬ್ಬಿಗೆ ಹೋಗುತ್ತಾಳೆ. ಬೋರ್ಡ್ ನೋಡಿದರೆ ಹಿಂದೆ ತಾನೇ ಸೆಬ್‌ಗೆ ಬರೆದುಕೊಟ್ಟಿದ್ದ ಹೆಸರು, ಅದು ಸೆಬ್‌ನದ್ದೇ ಕ್ಲಬ್! ಅವನು ಪಿಯಾನೋದಲ್ಲಿ ಇಬ್ಬರ ಹಳೆಯ ಟ್ಯೂನ್ ಶುರು ಮಾಡುತ್ತಾನೆ, ಅವಳು ಕೇಳುತ್ತಾ ಕೂತಿರುತ್ತಾಳೆ. ಕನಸು ಅವಳದ್ದೇ ಅನ್ನಿಸುವುದು ಸಹಜ.

ನನ್ನ ಓಟು ಮಾತ್ರ ಸೆಬ್‌ಗೆ. ಆ ಕೆಲವು ನಿಮಿಷಗಳಲ್ಲಿ ಏನೇನು ಬದಲಾಗಿದೆ ಅಂತ ನೋಡಿ. ರೆಸ್ಟೋರೆಂಟಿನಲ್ಲಿ ಹೊಗಳಲು ಬಂದ ಮಿಯಾಳಿಗೆ ಭುಜ ತಾಗಿಸಿ ಮಾತಾಡದೆ ಹೋಗಿದ್ದವನು, ಇಲ್ಲಿ ನೇರ ಬಂದು ಮುತ್ತಿಡುತ್ತಾನೆ. ಆಗ ಒಪ್ಪಿಕೊಂಡಿದ್ದ ಬ್ಯಾಂಡಿನ ಕೆಲಸವನ್ನು ಇಲ್ಲಿ ಬೇಡ ಅನ್ನುತ್ತಾನೆ. ಫೋಟೋ ಶೂಟಿನಿಂದಾಗಿ ಅವಳ ನಾಟಕ ತಪ್ಪಿಸಿಕೊಂಡಿದ್ದ. ಇಲ್ಲಿ ಹಾಲ್ ಭರ್ತಿ, ಅವನೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾನೆ. ಮೂರೂ ಅವನ ತಪ್ಪುಗಳೇ, ಅಲ್ವಾ? ಮಿಯಾ ಕಡೆಯಿಂದ ತಿದ್ದಿದ್ದು ಏನೂ ಕಾಣುವುದಿಲ್ಲ. ಪಶ್ಚಾತ್ತಾಪ ಇರುವವನು ಹೀಗೆ ಒಂದೊಂದಾಗಿ ಸರಿ ಮಾಡುತ್ತಾ ಹೋಗುತ್ತಾನೆ. ಇಲ್ಲ, ಇದು ಮಿಯಾಳ ದೂರಿನ ಪಟ್ಟಿ ಅಂತ ನೀವು ವಾದಿಸಬಹುದು. ಆಗ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಆದರೆ ಯಾರ ಕನಸು ಅನ್ನುವ ಭರದಲ್ಲಿ ಒಂದು ವಿಷಯ ಕೈತಪ್ಪುತ್ತದೆ. ಆ ಕನಸಿನಲ್ಲಿ ಸೆಬ್ ಅವಳ ಹಿಂದೆ ಪ್ಯಾರಿಸ್‌ಗೆ ಹೋಗುತ್ತಾನೆ. ಕೊನೆಗೆ ಇಬ್ಬರೂ ಒಂದು ಜಾಝ್ ಕ್ಲಬ್ಬಿಗೆ ಬರುತ್ತಾರೆ. ಅಲ್ಲಿ ಪಿಯಾನೋ ಮುಂದೆ ಕೂತಿರುವವನು ಬೇರೆ ಯಾರೋ. ಸೆಬ್ ಪ್ರೇಕ್ಷಕರ ಸಾಲಿನಲ್ಲಿದ್ದಾನೆ! ಮಿಯಾ ಸಿಕ್ಕಿದಳು, ಜೀವನವಿಡೀ ಆಸೆಪಟ್ಟ ಕ್ಲಬ್ ಸಿಗಲಿಲ್ಲ. ಹಾಗಾಗಿ ನಿರ್ದೇಶಕ ಡೇಮಿಯನ್ ಶಜೆಲ್ ಸಿಹಿ ತೋರಿಸಿ ಸುಮ್ನೆ ಕಿತ್ತುಕೊಂಡ ಅನ್ನುವ ಸಿಟ್ಟನ್ನು ನಾನು ಒಪ್ಪುವುದಿಲ್ಲ. ಅವರು ತೋರಿಸಿದ್ದು ಇನ್ನೊಂದು ಲೆಕ್ಕ, ಅದರಲ್ಲೂ ನಷ್ಟ ಇದೆ.

‘ಅಷ್ಟು ಪ್ರೀತಿ ಇದ್ದೂ ಯಾಕೆ ಬೇರೆಯಾದರು?’ ಅನ್ನುವುದು ಇದರ ಬೆನ್ನಿಗೇ ಬರುವ ಪ್ರಶ್ನೆ. 2006ರ ‘ಮುಂಗಾರು ಮಳೆ’ಯಲ್ಲಿ ಪ್ರೀತಂ ಯಾಕೆ ಹಿಂದೆ ಸರಿದ ಅಂತ ನಮಗೆ ಗೊತ್ತು. ಸರಿಯೋ ತಪ್ಪೋ ಅಂತ ಜಗಳ ಆಡಬಹುದು, ಕಾರಣ ಮಾತ್ರ ಕಣ್ಣೆದುರಿಗಿದೆ. ಶಜೆಲ್‌ಗೆ ತುಂಬಾ ಇಷ್ಟವಾದ ಫ್ರೆಂಚ್ ಸಿನಿಮಾ ಒಂದಿದೆ, ಜಾಕ್ ಡೆಮಿಯ 1964ರ ‘ಅಂಬ್ರೆಲ್ಲಾಸ್ ಆಫ್ ಶೆರ್ಬೂರ್ಗ್’. ಅಲ್ಲೂ ಪ್ರೇಮಿಗಳು ಬೇರೆಯವರನ್ನು ಮದುವೆಯಾಗಿ, ವರ್ಷಗಳ ನಂತರ ಹಿಮ ಬೀಳುವ ರಾತ್ರಿ ಪೆಟ್ರೋಲ್ ಬಂಕಿನಲ್ಲಿ ಎದುರಾಗುತ್ತಾರೆ. ಅಲ್ಲಿ ಅವರನ್ನು ದೂರ ಮಾಡಲು ಅಲ್ಜೀರಿಯಾ ಯುದ್ಧವಾದರೂ ಇತ್ತು. ಇಲ್ಲಿ ಏನಿದೆ? ಬೆಂಚಿನ ಮೇಲೆ ಕೂತು, ಯಾವಾಗಲೂ ಪ್ರೀತಿಸುತ್ತೇನೆ ಅಂತ ಇಬ್ಬರೂ ಹೇಳುತ್ತಾರೆ. ಮುಂದೇನಾಗುತ್ತೋ ನೋಡೋಣ ಅನ್ನುತ್ತಾರೆ. ಅಷ್ಟೇ, ಸಿನಿಮಾ ಐದು ವರ್ಷ ಮುಂದಕ್ಕೆ ಜಿಗಿಯುತ್ತದೆ. ಕೊನೆಯ ಫೋನ್ ಕರೆ ಯಾವಾಗ, ಮೊದಲು ಸುಮ್ಮನಾದವರು ಯಾರು, ಒಂದೂ ಇಲ್ಲ. ನಮ್ಮ ತಲೆ ತಿನ್ನುವುದು ಈ ಖಾಲಿ ಜಾಗ. ಕನಸಿನ ಬಗ್ಗೆ ಇಷ್ಟು ಜಗಳ ಆಡುವುದೂ ಅದನ್ನು ತುಂಬಿಸಿಕೊಳ್ಳಲಿಕ್ಕೇ ಇರಬೇಕು.

ಇನ್ನು, ಮಿಯಾ ಗಂಡನ ಜೊತೆ ಸುಖವಾಗಿಲ್ಲ ಅನ್ನುವವರಿಗೆ ಒಂದು ಮಾತು. ಇನ್ನೊಂದು ಹಾಡು ಕೇಳೋಣವಾ ಅಂತ ಕೇಳುವುದು ಆ ಗಂಡನೇ. ಬೇಡ, ಹೋಗೋಣ ಅನ್ನುವವಳು ಮಿಯಾ. ಆ ಬಡಪಾಯಿಯ ಮೇಲೆ ತಪ್ಪು ಹೊರಿಸಲು ಸಿನಿಮಾದಲ್ಲಿ ಸಾಕ್ಷಿಯೇ ಇಲ್ಲ.