ಹಳೆಯ ಕಾರಿನ ಬ್ರೇಕ್ ಸದ್ದು: ಪತ್ತೆ ಮತ್ತು ದುರಸ್ತಿಯ ಕುರಿತು ಅಧ್ಯಯನ ಟಿಪ್ಪಣಿ

ಬ್ರೇಕ್ ಸದ್ದಿನ ದೂರು ಬಂದ ಕೂಡಲೇ ಹಳೆಯ ಪ್ಯಾಡ್ (ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು) ಬಿಚ್ಚಿ ಹೊಸದನ್ನು ಹಾಕುವುದು ರೂಢಿಯಾಗಿಬಿಟ್ಟಿದೆ. ಹೀಗೆ ಮಾಡಿದ ಕಾರುಗಳಲ್ಲಿ ಕೆಲವೇ ವಾರಗಳೊಳಗೆ ಅದೇ ಸದ್ದು ಮರಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಪ್ಯಾಡ್ ಸವೆದಿತ್ತು ಎಂಬುದು ನಿಜವೇ ಆಗಿದ್ದರೂ, ಅದು ಒಂದೇ ಬದಿಯಲ್ಲಿ ಏಕೆ ಸವೆಯಿತು, ಓರೆಯಾಗಿ ಏಕೆ ಸವೆಯಿತು, ಸರಿದಾಡಬೇಕಾದ ಭಾಗ ಎಲ್ಲಿ ಹಿಡಿದುಕೊಂಡಿದೆ ಎಂಬ ಪ್ರಶ್ನೆಗಳನ್ನು ಕೇಳದೆ ಬಿಡುವುದೇ ಇದಕ್ಕೆ ಕಾರಣ. ಮಂಗಳೂರು, ಉಡುಪಿ ಕಡೆಯ ಹಳೆಯ ಕಾರುಗಳ ಮಟ್ಟಿಗೆ ಸದ್ದಿನ ಮೂಲವನ್ನು ಸವೆತದಲ್ಲಿ ಹುಡುಕುವ ಮೊದಲು ತುಕ್ಕಿನಲ್ಲಿ, ತುಕ್ಕಿನಿಂದ ನಿಂತುಹೋದ ಚಲನೆಯಲ್ಲಿ ಹುಡುಕಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ; ಈ ಟಿಪ್ಪಣಿಯನ್ನು ಅದೇ ದೃಷ್ಟಿಯಿಂದ ಬರೆದಿದ್ದೇನೆ. ಮುಂದೆ ಡಿಸ್ಕ್ (ಚಕ್ರದೊಂದಿಗೆ ತಿರುಗುವ ತಟ್ಟೆ), ಹಿಂದೆ ಡ್ರಮ್ (ಚಕ್ರದೊಂದಿಗೆ ತಿರುಗುವ ಬೋಗುಣಿಯಂಥ ಭಾಗ) ಇರುವ ಝೆನ್, ಸ್ಯಾಂಟ್ರೋ ಅಥವಾ ನಂತರದ ವರ್ಷಗಳ ಮಾರುತಿ 800ರಂತಹ ಸಣ್ಣ ಕಾರುಗಳನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಇರುವ ಇನ್ನೂ ಹಳೆಯ ಕಾರು ಕೈಗೆ ಬಂದರೆ ಡ್ರಮ್ಮಿನ ಭಾಗವನ್ನೇ ಮುಖ್ಯವಾಗಿ ಓದಿಕೊಳ್ಳಬಹುದು.

ಸದ್ದು ಹುಟ್ಟುವ ಬಗೆ

ಪ್ಯಾಡು ಡಿಸ್ಕಿನ ಮೇಲೆ ಒತ್ತಿದಾಗ ಅದು ಒಂದೇ ಸಮನೆ ಜಾರುವುದಿಲ್ಲ. ಕ್ಷಣಮಾತ್ರ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಬಾವಿಯ ಒಣಗಿದ ರಾಟೆ ಕೊಡ ಮೇಲೇರುವಾಗ ಕಿರುಗುಟ್ಟುವುದೂ ಇದೇ ಹಿಡಿ-ಬಿಡುವಿನಿಂದ. ಈ ಅದಿರಾಟ ಸೆಕೆಂಡಿಗೆ ಸಾವಿರಕ್ಕಿಂತ ಹೆಚ್ಚು ಸಲ ನಡೆದು, ಡಿಸ್ಕ್, ಪ್ಯಾಡ್, ಪ್ಯಾಡನ್ನು ಹಿಡಿದು ಒತ್ತುವ ಕ್ಯಾಲಿಪರ್‌ಗಳಲ್ಲೊಂದು ಅದಕ್ಕೆ ದನಿಗೂಡಿಸಿದಾಗ ಕಿವಿ ಕೊರೆಯುವ ಕೀರಲು ಸದ್ದು ಹೊರಡುತ್ತದೆ. ಅದಿರಾಟ ನಿಧಾನವಾಗಿದ್ದರೆ ಗೊರಗೊರ ಎಂಬ ದಪ್ಪ ಸದ್ದಾಗುತ್ತದೆ. ಆದ್ದರಿಂದ ಕೀರಲು ಸದ್ದನ್ನು ಅಡಗಿಸಲು ದಾರಿಗಳು ಎರಡೇ. ಒಂದೋ ಉಜ್ಜುವ ಮುಖಗಳನ್ನು ಸಮ ಮತ್ತು ಶುಚಿಯಾಗಿಡಬೇಕು, ಇಲ್ಲವೇ ಅದಿರಾಟ ಒಂದು ಭಾಗದಿಂದ ಇನ್ನೊಂದಕ್ಕೆ ಹರಡದಂತೆ ತಡೆಯಬೇಕು. ಪ್ಯಾಡಿನ ಹಿಂಬದಿಯ ತೆಳು ಶಿಮ್, ಪ್ಯಾಡಿನ ಅಂಚಿನ ಓರೆ ಕಡಿತ, ಹಿಂಬದಿಗೆ ಸವರುವ ಪೇಸ್ಟು ಇವೆಲ್ಲ ಎರಡನೆಯ ಉದ್ದೇಶಕ್ಕಾಗಿಯೇ ಇರುವಂಥವು. ಪ್ಯಾಡ್ ಬದಲಿಸುವಾಗ ಹಳೆಯ ಶಿಮ್‌ಗಳನ್ನು ಬೇಡದ ತಗಡೆಂದು ಎಸೆಯುವವರು ಸದ್ದನ್ನು ತಾವೇ ಬರಮಾಡಿಕೊಳ್ಳುತ್ತಾರೆ.

ಕರಾವಳಿಯ ಹವೆಯನ್ನು ಇದಕ್ಕೆ ಸೇರಿಸಿ ನೋಡಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ನಿಂತ ಕಾರು ಸರಿಯಾಗಿ ಒಣಗುವುದೇ ಇಲ್ಲ. ಪಣಂಬೂರು, ಮಲ್ಪೆ, ಉಳ್ಳಾಲದಂತಹ ಕಡಲಂಚಿನ ಜಾಗಗಳಲ್ಲಿ ಗಾಳಿಯೇ ಉಪ್ಪನ್ನು ಹೊತ್ತು ತರುತ್ತದೆ. ಡಿಸ್ಕ್ ಮತ್ತು ಡ್ರಮ್ ಎರಡೂ ಬಣ್ಣವಿಲ್ಲದ ಎರಕದ ಕಬ್ಬಿಣವಾದ್ದರಿಂದ ಒಂದೇ ರಾತ್ರಿಯ ಮಳೆಗೆ ಕೆಂಪಡರುತ್ತವೆ. ಮುರಕಲ್ಲಿನ ಒಳರಸ್ತೆಗಳಲ್ಲಿ ಓಡಾಡುವ ಕಾರಿಗೆ ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು, ಮಳೆಗಾಲದಲ್ಲಿ ಅದೇ ಮಣ್ಣಿನ ಕೆಸರು ಡ್ರಮ್ಮಿನೊಳಗೆ ಸೇರಿ ಗಟ್ಟಿಯಾಗುತ್ತದೆ.

ಬಿಚ್ಚುವ ಮೊದಲು ಕೇಳಬೇಕಾದದ್ದು

ಪಾನಾ ಹಿಡಿಯುವ ಮೊದಲು ಕಾರನ್ನು ಓಡಿಸಿ ನೋಡಲೇಬೇಕು. ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬ ಎರಡು ಸಂಗತಿಗಳು ಅರ್ಧ ಪತ್ತೆಯನ್ನು ಮುಗಿಸುತ್ತವೆ. ಬೆಳಗಿನ ಮೊದಲ ಒಂದೆರಡು ಬ್ರೇಕಿನಲ್ಲಿ ಮಾತ್ರ ಉಜ್ಜುವ ಸದ್ದು ಬಂದು ಆಮೇಲೆ ಮಾಯವಾದರೆ ಅದು ಡಿಸ್ಕಿನ ಮೇಲ್ಮೈ ತುಕ್ಕು, ದುರಸ್ತಿ ಬೇಕಿಲ್ಲ. ಬ್ರೇಕ್ ಒತ್ತದಿರುವಾಗಲೂ ಸಣ್ಣಗೆ ಕಿರುಗುಟ್ಟುತ್ತಿದ್ದು, ಪೆಡಲ್ ಒತ್ತಿದಾಗ ಸದ್ದು ಬದಲಾದರೆ ಅಥವಾ ನಿಂತರೆ ಪ್ಯಾಡಿನ ಸವೆತ ಸೂಚಕವನ್ನು ಮೊದಲು ಶಂಕಿಸಬೇಕು. ಪ್ಯಾಡಿನ ಲೈನಿಂಗು (ಉಜ್ಜಿ ಸವೆಯುವ ಪದರ) ಸುಮಾರು 2ರಿಂದ 3 ಮಿಲಿಮೀಟರಿಗೆ ಇಳಿದಾಗ ಡಿಸ್ಕಿಗೆ ತಾಗುವಂತೆ ಜೋಡಿಸಿದ ಉಕ್ಕಿನ ಚಿಕ್ಕ ನಾಲಗೆ ಅದು. ಎಲ್ಲ ಪ್ಯಾಡ್‌ಗಳಲ್ಲೂ ಅದು ಇರುವುದಿಲ್ಲವಾದ್ದರಿಂದ ಸದ್ದಿಲ್ಲವೆಂದ ಮಾತ್ರಕ್ಕೆ ಪ್ಯಾಡ್ ಚೆನ್ನಾಗಿದೆ ಎಂದು ತಿಳಿಯಬಾರದು. ಬ್ರೇಕ್ ಒತ್ತಿದಾಗಲೆಲ್ಲ ಗರಗರ ಎಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದು, ಅದರ ನಡುಕ ಪೆಡಲಿನಲ್ಲಿಯೂ ಕಾಲಿಗೆ ತಿಳಿದರೆ ಲೈನಿಂಗು ಪೂರ್ತಿ ಮುಗಿದಿರುತ್ತದೆ. ಆ ಕಾರನ್ನು ಮುಂದಕ್ಕೆ ಓಡಿಸದೆ ಅಲ್ಲಿಯೇ ನಿಲ್ಲಿಸುವುದು ಕ್ಷೇಮ.

ಬ್ರೇಕಿನದೆಂದು ಭಾವಿಸಿದ ಸದ್ದು ಬ್ರೇಕಿನದೇ ಅಲ್ಲದಿರುವುದೂ ಉಂಟು. ವೇಗ ಹೆಚ್ಚಿದಂತೆ ಏರುವ ಗುಂಯ್ ಎಂಬ ಸದ್ದು, ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಹೆಚ್ಚು ಕಡಿಮೆಯಾಗುತ್ತಾ, ಬ್ರೇಕ್ ಒತ್ತಿದರೂ ಬದಲಾಗದಿದ್ದರೆ ಅದು ವೀಲ್ ಬೇರಿಂಗಿನದು. ಕಲ್ಲು ಹರಡಿದ ರಸ್ತೆಯಲ್ಲಿ ಹೋಗಿ ಬಂದ ಬಳಿಕ ಏಕಾಏಕಿ ಕರ್ಕಶವಾಗಿ ಉಜ್ಜುವ ಸದ್ದು ಶುರುವಾದರೆ ಡಿಸ್ಕಿಗೂ ಅದರ ಹಿಂದಿನ ಧೂಳು ತಗಡಿಗೂ ನಡುವೆ ಸಣ್ಣ ಜಲ್ಲಿ ಸಿಕ್ಕಿಕೊಂಡಿರಬಹುದು, ಅಥವಾ ತುಕ್ಕು ಹಿಡಿದ ತಗಡೇ ಬಾಗಿ ಡಿಸ್ಕಿಗೆ ತಾಗಿರಬಹುದು. ಇದಕ್ಕೆ ಚಕ್ರ ಬಿಚ್ಚಿ ತಗಡನ್ನು ಕೈಯಿಂದ ಹಿಂದಕ್ಕೆ ಬಾಗಿಸಿದರೆ ಸಾಕು.

ಓಡಿಸಿ ತಂದ ಕೂಡಲೇ ನಾಲ್ಕೂ ಚಕ್ರಗಳ ಬಳಿಗೆ ಅಂಗೈ ಒಯ್ದು, ಮುಟ್ಟದೆಯೇ ಬಿಸಿಯನ್ನು ಹೋಲಿಸಬೇಕು. ಮುಂದಿನ ಎರಡು ಚಕ್ರಗಳಲ್ಲಿ ಒಂದು ಮಾತ್ರ ಬಹಳ ಬಿಸಿಯಾಗಿದ್ದರೆ ಆ ಬದಿಯ ಬ್ರೇಕ್ ಬಿಡದೆ ಹಿಡಿದುಕೊಂಡಿದೆ ಎಂದರ್ಥ. ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾವ ಅವಸರದಲ್ಲಿಯೂ ಬಿಡಬಾರದು.

ಕಾರನ್ನು ಎತ್ತುವಾಗ ಮಳೆಗಾಲದ ಅಂಗಳದ ಮಣ್ಣನ್ನು ನಂಬಬಾರದು. ಜಾಕಿನ ಕೆಳಗೆ ದಪ್ಪ ಹಲಗೆಯಿಟ್ಟು, ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಎತ್ತಿದ ಮೇಲೆ ಸ್ಟ್ಯಾಂಡಿನ ಮೇಲೆ ಕೂರಿಸಿಯೇ ಕೆಲಸ ಆರಂಭಿಸಬೇಕು. ಹಿಂದಿನ ಚಕ್ರ ಬಿಚ್ಚುವಾಗ ಹ್ಯಾಂಡ್ ಬ್ರೇಕ್ ಇಳಿಸಿರಬೇಕಾಗುವುದರಿಂದ ಅಡೆಗಲ್ಲು ಇನ್ನೂ ಮುಖ್ಯ.

ಮುಂದಿನ ಡಿಸ್ಕ್

ಇಲ್ಲಿ ಮೊದಲು ನೋಡಬೇಕಾದದ್ದು ಪ್ಯಾಡಿನ ದಪ್ಪವನ್ನಲ್ಲ, ಎರಡು ಪ್ಯಾಡ್‌ಗಳ ನಡುವಿನ ವ್ಯತ್ಯಾಸವನ್ನು. ಸಣ್ಣ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಒಳಬದಿಯಲ್ಲಿ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ನೇರವಾಗಿ ತಳ್ಳಿದಾಗ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನೂ ಡಿಸ್ಕಿಗೆ ಎಳೆದು ಒತ್ತುತ್ತದೆ. ಬ್ರೇಕ್ ಬಿಟ್ಟಾಗ ಪಿಸ್ಟನ್ನಿನ ಸುತ್ತಲಿನ ಚೌಕ ರಬ್ಬರ್ ಸೀಲು ತಿರುಚಿದ ಸ್ಥಿತಿಯಿಂದ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಈ ವ್ಯವಸ್ಥೆ ಅರ್ಥವಾದರೆ ಸವೆತವನ್ನು ಓದುವುದು ಸುಲಭ. ಹೊರಗಿನ ಪ್ಯಾಡ್ ಹೆಚ್ಚು ಸವೆದಿದ್ದರೆ ಸ್ಲೈಡ್ ಪಿನ್ ಹಿಡಿದುಕೊಂಡು ಕ್ಯಾಲಿಪರ್ ಹಿಂದೆ ಸರಿಯುತ್ತಿಲ್ಲ. ಒಳಗಿನದು ಹೆಚ್ಚು ಸವೆದಿದ್ದರೆ ಪಿಸ್ಟನ್ ಹಿಂದಿರುಗುತ್ತಿಲ್ಲವೆಂದು ಮೊದಲು ಶಂಕಿಸಿ, ಜೊತೆಗೆ ಪಿನ್‌ಗಳನ್ನೂ ನೋಡಬೇಕು. ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೆ ಎರಡು ಪಿನ್‌ಗಳಲ್ಲಿ ಒಂದು ಮಾತ್ರ ಬಿಗಿದಿರುವ ಸಂಭವ ಹೆಚ್ಚು.

ಪಿನ್ ಕೈಯಿಂದ ಎಳೆದರೆ ಸರಾಗವಾಗಿ ಜಾರಬೇಕು. ಹರಿದ ರಬ್ಬರ್ ಬೂಟಿನಿಂದ ನೀರು ನುಗ್ಗಿದ್ದರೆ ಪಿನ್ನಿನ ಮೇಲೆ ತುಕ್ಕಿನ ಗುಳಿಗಳಿರುತ್ತವೆ. ಅಂಥ ಪಿನ್ನನ್ನು ಉಜ್ಜಿ ಮತ್ತೆ ಹಾಕುವುದಕ್ಕಿಂತ ಬೂಟಿನೊಂದಿಗೆ ಬದಲಿಸುವುದೇ ಲೇಸು. ಇಲ್ಲಿ ಬಳಸಬೇಕಾದದ್ದು ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್. ಬೇರಿಂಗಿನ ಸಾಮಾನ್ಯ ಗ್ರೀಸನ್ನು ಸವರಿದರೆ ಅದರಲ್ಲಿರುವ ಖನಿಜ ತೈಲದಿಂದ ಬೂಟಿನ ರಬ್ಬರು ಉಬ್ಬಿ, ಬಿಡಿಸಿದ ಪಿನ್ ಕೆಲವು ತಿಂಗಳಲ್ಲೇ ಮೊದಲಿಗಿಂತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪ್ಯಾಡಿನ ಕಿವಿಗಳು ಕೂರುವ ಜಾಗದಲ್ಲಿ ತುಕ್ಕು ಉಬ್ಬಿದ್ದರೂ ಪ್ಯಾಡ್ ಸರಿಯದೆ ನಿಲ್ಲುತ್ತದೆ. ಅಲ್ಲಿನ ತೆಳು ಕ್ಲಿಪ್‌ಗಳನ್ನು ತೆಗೆದು, ಅಡಿಯ ತುಕ್ಕನ್ನು ತಂತಿ ಬ್ರಶ್ಶಿನಿಂದ ಲೋಹ ಕಾಣುವವರೆಗೆ ಉಜ್ಜಬೇಕು. ಅರದಿಂದ ಕೆರೆದು ಪ್ಯಾಡಿನ ಕಿವಿಯನ್ನೇ ಸಣ್ಣದು ಮಾಡುವವರಿದ್ದಾರೆ. ಅದು ತಪ್ಪು ದಾರಿ, ಸಡಿಲವಾದ ಪ್ಯಾಡ್ ಟಕ್ ಟಕ್ ಎಂದು ಹೊಸ ಸದ್ದು ಹುಟ್ಟಿಸುತ್ತದೆ.

ಚಕ್ರ ಬಿಡದೆ ಬಿಗಿಯಾಗಿದ್ದು ಪಿನ್‌ಗಳು ಚೆನ್ನಾಗಿದ್ದರೆ, ಕ್ಯಾಲಿಪರಿನಿಂದ ಬ್ರೇಕ್ ಆಯಿಲನ್ನು ಹೊರಬಿಡುವ ಬ್ಲೀಡ್ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ ನೋಡಬೇಕು. ಆಯಿಲ್ ಚಿಮ್ಮಿ ಚಕ್ರ ಕೂಡಲೇ ಸಡಿಲವಾದರೆ ಒತ್ತಡ ಒಳಗೆ ಸಿಕ್ಕಿಬಿದ್ದಿತ್ತು ಎಂದು ತಿಳಿಯುತ್ತದೆ. ಹಳೆಯ ರಬ್ಬರ್ ಹೋಸ್ ಒಳಗಿನಿಂದ ಉಬ್ಬಿ, ಹೋಗುವ ಆಯಿಲನ್ನು ಬಿಟ್ಟು ಮರಳುವುದನ್ನು ತಡೆಯುವುದು ಇದಕ್ಕೆ ಸಾಮಾನ್ಯ ಕಾರಣ. ಸಡಿಲವಾಗದಿದ್ದರೆ ಪಿಸ್ಟನ್ನೇ ತುಕ್ಕಿನಿಂದ ಹಿಡಿದಿದೆ.

ಡಿಸ್ಕಿನ ವಿಷಯ ಚಿಕ್ಕದು. ಅದರ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಹೊರ ಅಂಚಿನ ತುಕ್ಕಿನ ದಿಂಡು ಅಡ್ಡ ಬರುವುದರಿಂದ ವರ್ನಿಯರಿಗಿಂತ ಮೈಕ್ರೋಮೀಟರಿನಿಂದ, ಸುತ್ತಲೂ ಹಲವು ಕಡೆ ಅಳೆಯಬೇಕು. ಆ ಕನಿಷ್ಠ ದಪ್ಪಕ್ಕಿಂತ ಕಡಿಮೆಯಿದ್ದರೆ, ಅಥವಾ ಲೇತಿಗೆ ಕೊಟ್ಟ ಮೇಲೆ ಕಡಿಮೆಯಾಗುವಂತಿದ್ದರೆ, ಎರಡೂ ಬದಿಯ ಡಿಸ್ಕುಗಳನ್ನು ಬದಲಿಸಬೇಕು. ಡಿಸ್ಕ್ ಕೂರುವ ಹಬ್ಬಿನ (ಚಕ್ರದ ನಡುಭಾಗ) ಮುಖದ ತುಕ್ಕನ್ನು ಮರೆಯದೆ ತೆಗೆಯಬೇಕು. ಅಲ್ಲಿ ಸಿಕ್ಕಿದ ಒಂದು ಸಣ್ಣ ಹಕ್ಕಳೆಯಿಂದ ಡಿಸ್ಕ್ ಓರೆಯಾಗಿ ತಿರುಗುತ್ತದೆ ಮತ್ತು ನಡುವಿನ ಆ ಓರೆ ಹೊರ ಅಂಚಿಗೆ ಬರುವಾಗ ಇನ್ನೂ ಹೆಚ್ಚಿರುತ್ತದೆ. ಹೊಸ ಡಿಸ್ಕ್ ಹಾಕಿಯೂ ಪೆಡಲ್ ನಡುಗುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.

ಹಿಂದಿನ ಡ್ರಮ್

ಡ್ರಮ್ ಹಬ್ಬಿಗೆ ತುಕ್ಕು ಹಿಡಿದು ಕೂತಿದ್ದರೆ ಸುತ್ತಿಗೆಯಿಂದ ಬಡಿಯಬಾರದು. ಅನೇಕ ಡ್ರಮ್‌ಗಳ ಮುಖದಲ್ಲಿ ಬೋಲ್ಟ್ ತಿರುಗಿಸಿ ಹಾಕಲು ಥ್ರೆಡ್ ಇರುವ ಎರಡು ತೂತುಗಳಿರುತ್ತವೆ; ಅವುಗಳಿಗೆ ಹೊಂದುವ ಬೋಲ್ಟುಗಳನ್ನು ಹಾಕಿ ಒಂದಾದ ಮೇಲೊಂದರಂತೆ ಸಮನಾಗಿ ಬಿಗಿದರೆ ಡ್ರಮ್ ತಾನಾಗಿ ಹೊರಬರುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸುವುದು ಬಹು ಅಪಾಯಕಾರಿ ಅಭ್ಯಾಸ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು. ಅದರ ಎಳೆ ಶ್ವಾಸಕೋಶ ಸೇರಿದರೆ ವರ್ಷಗಳ ನಂತರ ಕ್ಯಾನ್ಸರಿಗೂ ಕಾರಣವಾಗಬಹುದು. ಬ್ರೇಕ್ ಕ್ಲೀನರ್ ಅಥವಾ ಸೋಪಿನ ನೀರಿನಿಂದ ಒದ್ದೆ ಮಾಡಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ಕಲಿಯುವ ವಯಸ್ಸಿನಲ್ಲಿಯೇ ಈ ಎಚ್ಚರ ಕೈಗೆ ಹತ್ತಬೇಕೆಂದು ಒತ್ತಿ ಹೇಳುತ್ತೇನೆ.

ಡ್ರಮ್ಮಿನಿಂದ ಬರುವ ಕಿರುಗುಟ್ಟುವಿಕೆಗೆ ನಾವು ಗಮನಿಸದೆ ಬಿಡುವ ಕಾರಣ ಡ್ರಮ್ಮಿನ ಹಿಂಬದಿಯ ತಗಡಾದ ಬ್ಯಾಕಿಂಗ್ ಪ್ಲೇಟಿನಲ್ಲಿದೆ. ಡ್ರಮ್ಮನ್ನು ಒಳಗಿನಿಂದ ಒತ್ತುವ ಬ್ರೇಕ್ ಶೂಗಳ ಅಂಚು ಒರಗಿ ಸರಿಯುವ ಸಣ್ಣ ಉಬ್ಬುಗಳು ಅಲ್ಲಿರುತ್ತವೆ; ಅವು ತುಕ್ಕು ಹಿಡಿದರೆ ಅಥವಾ ಶೂ ಉಜ್ಜಿ ಉಜ್ಜಿ ಅಲ್ಲಿ ಗುಳಿ ಬಿದ್ದರೆ, ಪೆಡಲ್ ಒತ್ತಿದಾಗಲೂ ಬಿಟ್ಟಾಗಲೂ ಸದ್ದು ಬರುತ್ತದೆ. ತುಕ್ಕನ್ನು ಉಜ್ಜಿ ತೆಗೆದು, ಬಿಸಿ ತಡೆಯುವ ಗ್ರೀಸನ್ನು ಆ ಉಬ್ಬುಗಳಿಗೆ ಮಾತ್ರ ಬಲು ತೆಳುವಾಗಿ ಸವರಿದರೆ ಸದ್ದು ನಿಲ್ಲುತ್ತದೆ. ಗ್ರೀಸ್ ಹೆಚ್ಚಾಗಿ ಲೈನಿಂಗಿಗೆ ಹರಿದರೆ ಶೂ ಕೆಟ್ಟಂತೆ. ಲೇತಿನಲ್ಲಿ ಅವಸರದಿಂದ ಕಡೆದ ಡ್ರಮ್ಮಿನ ಒಳಮೈಯಲ್ಲಿ ಸ್ಕ್ರೂವಿನ ಥ್ರೆಡ್ಡಿನಂತಹ ಸುರುಳಿ ಗೆರೆ ಉಳಿದಿದ್ದರೆ ಅದು ಶೂವನ್ನು ಪಕ್ಕಕ್ಕೆ ಎಳೆದೊಯ್ದು ಬಿಡುತ್ತದೆ, ಶೂ ಟಕ್ ಎಂದು ಪ್ಲೇಟಿಗೆ ಬಡಿಯುತ್ತದೆ. ಡ್ರಮ್ಮಿಗೂ ಗರಿಷ್ಠ ಒಳವ್ಯಾಸವನ್ನು ಕೊರೆದಿರುತ್ತಾರೆ. ಅದನ್ನು ಮೀರಿ ಕಡೆಯಬಾರದು.

ಆಯಿಲಿನ ಒತ್ತಡದಿಂದ ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳವನ್ನು ಮೆಲ್ಲನೆ ಎತ್ತಿ ನೋಡಬೇಕು. ಒಳಗೆ ಆಯಿಲ್ ಒದ್ದೆ ಕಂಡರೆ ಸಿಲಿಂಡರ್ ಸೋರುತ್ತಿದೆ. ಆಯಿಲ್ ಕುಡಿದ ಶೂವನ್ನು ಬಿಸಿಲಿಗಿಟ್ಟರೂ ಬೆಂಕಿ ತೋರಿಸಿದರೂ ಅದು ಮೊದಲಿನಂತಾಗುವುದಿಲ್ಲ. ಸೋರಿಕೆಯನ್ನು ನಿಲ್ಲಿಸಿ ಎರಡೂ ಬದಿಯ ಶೂಗಳನ್ನು ಒಟ್ಟಿಗೆ ಬದಲಿಸಬೇಕು. ಮಳೆಗಾಲದಲ್ಲಿ ಕಾರನ್ನು ಹಲವು ದಿನ ನಿಲ್ಲಿಸುವವರು ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಂಡು, ಹೊರಡುವಾಗ ಢಕ್ ಎಂದು ಬಿಡುತ್ತದೆ, ಕೆಲವೊಮ್ಮೆ ಲೈನಿಂಗೇ ಕಿತ್ತು ಬರುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವಂತೆ ಗಿರಾಕಿಗಳಿಗೆ ತಿಳಿಸಿ ಹೇಳಬೇಕು.

ಘಾಟಿ ಇಳಿದು ಬಂದ ಕಾರು

ಆಗುಂಬೆಯ 14 ಹಿಮ್ಮುರಿ ತಿರುವುಗಳನ್ನು ಬ್ರೇಕಿನ ಮೇಲೆಯೇ ಇಳಿದು ಸೋಮೇಶ್ವರ ಮುಟ್ಟಿದ ಕಾರಿನಲ್ಲಿ, ಅಥವಾ ಚಾರ್ಮಾಡಿ, ಶಿರಾಡಿಯಿಂದ ಹಾಗೆ ಬಂದದ್ದರಲ್ಲಿ, ಪ್ಯಾಡಿನ ಮುಖ ಕಾದು ಗಾಜಿನಂತೆ ನುಣುಪಾಗಿರುತ್ತದೆ. ಇದರಿಂದ ಕೀರಲು ಸದ್ದೂ ಬರುತ್ತದೆ, ಹಿಡಿತವೂ ಕುಗ್ಗುತ್ತದೆ. ನುಣುಪು ಮೇಲ್ಪದರದಲ್ಲಿ ಮಾತ್ರ ಇದ್ದರೆ ಎಮರಿ ಕಾಗದವನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು, ಒದ್ದೆ ಮಾಡಿ, ಪ್ಯಾಡನ್ನು ಅದರ ಮೇಲೆ ತಿಕ್ಕಬಹುದು. ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ಇಂಥ ಕಾರಿನಲ್ಲಿ ಬ್ರೇಕ್ ಆಯಿಲನ್ನೂ ಶಂಕಿಸಬೇಕು. ಬ್ರೇಕ್ ಆಯಿಲಿನ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವವನ್ನು ಹೀರುತ್ತವೆ. ಡಾಟ್ 3ರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ನೀರು ಹೀರಿದ ಸ್ಥಿತಿಯಲ್ಲಿ 140. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155. ನಮ್ಮ ತೇವದ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವ ನಿಯಮವನ್ನು ಸಡಿಲಿಸಬಾರದು. ತೇವ ಹೀರಿದ ಅದೇ ಆಯಿಲು ಪಿಸ್ಟನ್ನಿಗೆ ಒಳಗಿನಿಂದ ತುಕ್ಕು ಹಿಡಿಸುತ್ತದೆ.

ಮರುಜೋಡಣೆ

ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ಉಕ್ಕಿ ಚೆಲ್ಲಿದರೆ ಬಣ್ಣ ಕಿತ್ತುಬರುವುದರಿಂದ ಕೂಡಲೇ ನೀರಿನಿಂದ ತೊಳೆಯಬೇಕು. ಪ್ಯಾಡ್ ಸವೆದಂತೆ ಆಯಿಲಿನ ಮಟ್ಟ ಇಳಿಯುವುದು ಸಹಜ. ಸವೆತ ಪರೀಕ್ಷಿಸದೆ ಮೇಲಿನಿಂದ ಸುರಿಯುತ್ತಾ ಹೋದವರ ಡಬ್ಬಿಯೇ ಈ ಹಂತದಲ್ಲಿ ಉಕ್ಕುವುದು. ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ ಬಿಗಿಯಬೇಕು. ಕಾರು ಅಲುಗುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಲೇಬೇಕು, ಏಕೆಂದರೆ ಹಿಂದಕ್ಕೆ ಹೋದ ಪಿಸ್ಟನ್ ಪ್ಯಾಡನ್ನು ಮುಟ್ಟುವವರೆಗೆ ಬ್ರೇಕೇ ಇರುವುದಿಲ್ಲ.

ಬಳಿಕ ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಿಂದ 10ರವರೆಗೆ ಹದವಾಗಿ, ಎಂಟು ಹತ್ತು ಸಲ ಬ್ರೇಕ್ ಹಾಕಬೇಕು. ನಡುನಡುವೆ ಸ್ವಲ್ಪ ದೂರ ಓಡಿಸಿ ತಣಿಯಲು ಬಿಡಬೇಕು ಮತ್ತು ಬಿಸಿ ಡಿಸ್ಕಿನ ಮೇಲೆ ಪೆಡಲ್ ಒತ್ತಿ ಹಿಡಿದು ನಿಲ್ಲಬಾರದು. ಹೀಗೆ ಮಾಡಿದರೆ ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮನಾಗಿ ಹತ್ತುತ್ತದೆ. ಮರಳಿ ಬಂದ ಮೇಲೆ ಚಕ್ರಗಳ ಬಿಸಿಯನ್ನು ಮತ್ತೆ ಅಂಗೈಯಿಂದ ಹೋಲಿಸಿ, ಎಡಬಲಗಳು ಸಮನಿದ್ದರೆ ಕಾರನ್ನು ಗಿರಾಕಿಗೆ ಒಪ್ಪಿಸಬಹುದು. ಮುಂದಿನ ಸಲ ಸರ್ವಿಸಿಗೆ ಬಂದಾಗ ಸ್ಲೈಡ್ ಪಿನ್‌ಗಳನ್ನು ಎಳೆದು ನೋಡಬೇಕೆಂದು ಜಾಬ್ ಕಾರ್ಡಿನಲ್ಲಿ ಬರೆದಿಡಬೇಕು.